ಗೇಣಿನಲ್ಲಿ ಅಳೆದ ಜಹಾಜು

ಕೊನೆಗಾಲಕ್ಕೆ ದೂರದ ನೆಂಟರ ಮನೆ ಸೇರಿದ್ದ ಆಕೆ ತೀರಿಹೋದ ಸುದ್ದಿ ಒಂದು ಕಾರ್ಡಿನಲ್ಲಿ ಬಂತು. ಓದಿ ಗೂಡಿನಲ್ಲಿಟ್ಟು, ಒಲೆಯ ಮೇಲಿನ ಬೇಳೆ ನೋಡಲು ಎದ್ದೆ. ಬೇಳೆ ಬೆಂದಿರಲಿಲ್ಲ. ಅಳು ಬರಬಹುದೇನೋ ಎಂದು ಒಲೆಯ ಮುಂದೆ ಸ್ವಲ್ಪ ಹೊತ್ತು ಕೂತೆ. ಬರಲಿಲ್ಲ. ಆಕೆಯ ವಿಷಯಕ್ಕೆ ನನಗೆ ಅಳು ಬರುವುದು ನಿಂತು ಬಹಳ ವರ್ಷಗಳಾದವು. ಆಕೆಗೂ ಹಾಗೇ ಆಗಿತ್ತು.

ಓಣಿಗೆಲ್ಲ ಆಕೆ ಖಾಲಾ, ಅಂದರೆ ಚಿಕ್ಕಮ್ಮ. ನಿಜವಾಗಿ ಯಾರಿಗೂ ಚಿಕ್ಕಮ್ಮನಾಗಿರಲಿಲ್ಲ. ನಮ್ಮ ಮನೆಗೂ ಆಕೆಯ ಮನೆಗೂ ನಡುವೆ ಒಂದೇ ಗೋಡೆ. ಈ ಕಡೆ ನಾವು ಲಿಂಗ ಕಟ್ಟಿದವರು, ಆ ಕಡೆ ಆಕೆ ಐದು ಹೊತ್ತು ನಮಾಜು ಮಾಡುವವಳು. ಗೋಡೆಯಲ್ಲಿ ಒಂದು ಕಿಂಡಿ ಇತ್ತು. ಅದರೊಳಗಿಂದ ಬೆಂಕಿ, ಮಜ್ಜಿಗೆ, ಬೈಗುಳ ಎಲ್ಲವೂ ದಾಟುತ್ತಿದ್ದವು.

ನಾನು ಸೊಲ್ಲಾಪುರದಿಂದ ಇಲ್ಲಿಗೆ ಸೊಸೆಯಾಗಿ ಬಂದದ್ದು ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ. ನಮ್ಮ ಸೊಲ್ಲಾಪುರಕ್ಕೆ ಬಂದಿತ್ತು, ಇಲ್ಲಿಗೆ ಬಂದಿರಲಿಲ್ಲ. ಇದು ಇನ್ನೂ ನಿಜಾಮರ ಸೀಮೆ. ಊರಿಗೆ ಬಸವಕಲ್ಯಾಣ ಎಂಬ ಪೂರ್ತಿ ಹೆಸರೂ ಆಗ ಇರಲಿಲ್ಲ, ಬರೀ ಕಲ್ಯಾಣ. ಬಂದ ಮೂರನೇ ದಿನ ಖಾಲಾ ಹಿತ್ತಲಿಗೆ ಬಂದು, ನನ್ನನ್ನು ಗೋಡೆಗೆ ನಿಲ್ಲಿಸಿ, ಈ ಭುಜದಿಂದ ಆ ಭುಜಕ್ಕೆ ಕೈಯ ಗೇಣು ಹಾಕಿದಳು.

"ಎರಡು ಗೇಣಿಗಿ ಎರಡು ಬೆರಳು ಕಮ್ಮಿ. ಸೊಲ್ಲಾಪುರದಾಗ ಹೆಣ್ಣುಮಕ್ಕಳಿಗಿ ಊಟ ಹಾಕಂಗಿಲ್ಲೇನು?"

ನನಗೆ ಸಿಟ್ಟು ಬಂತು. ಅತ್ತೆ ನಕ್ಕು, "ಕೌದಿ ಹೊಲೀಲಾಕ ಅಳತಿ ತಗೊಳ್ಳಾಕತ್ತಾಳ, ಸುಮ್ನ ನಿಂದ್ರು" ಅಂದರು.

ಆಕೆಯ ಕಸುಬು ಕೌದಿ ಹೊಲಿಯುವುದು. ಹಳೆಯ ಸೀರೆ, ಧೋತರ ಕೊಟ್ಟರೆ ಪದರು ಪದರಾಗಿ ಹಾಸಿ, ಅಂಚಿನಿಂದ ಹಿಡಿದು ನಡುವಿನವರೆಗೆ ಸಣ್ಣ ಹೊಲಿಗೆ ಹಾಕುತ್ತ ಬರುತ್ತಿದ್ದಳು. ಟೇಪು ಮುಟ್ಟಿದವಳಲ್ಲ. ಕೌದಿ ಯಾರಿಗೆಂದು ಮೊದಲು ಕೇಳಬೇಕು, ಅವರನ್ನು ಕರೆಸಿ ನಿಲ್ಲಿಸಬೇಕು, ಹೆಬ್ಬೆರಳು ಊರಿ ಕಿರುಬೆರಳು ಚಾಚಿ ಭುಜ ಅಳೆಯಬೇಕು, ಆಮೇಲೆಯೇ ಬಟ್ಟೆ ಹಾಸುವುದು. ಓಣಿಯ ಗಂಡಸರನ್ನೆಲ್ಲ ಎತ್ತಿ ಆಡಿಸಿದ ಹಿರಿಯಳಾದ್ದರಿಂದ ಅವರೂ ತಲೆ ತಗ್ಗಿಸಿ ಭುಜ ಒಡ್ಡುತ್ತಿದ್ದರು. ಒಮ್ಮೆ ಅಳೆದ ಭುಜವನ್ನು ಆಕೆ ಮರೆಯುತ್ತಿರಲಿಲ್ಲ. ದಾರಿಯಲ್ಲಿ ಯಾರಾದರೂ ಸಿಕ್ಕರೆ ಕ್ಷೇಮ ಕೇಳುವ ಮೊದಲು, "ಅರ್ಧ ಗೇಣು ಇಳಿದೀಯಲ್ಲೋ, ಜಡ್ಡಾಗಿತ್ತೇನು?" ಅನ್ನುತ್ತಿದ್ದಳು.

ಒಂದು ಸಲ ನಮ್ಮ ಮಾವನವರ ಪಲ್ಲಂಗಕ್ಕೆ ಗಾದಿ ಮಾಡಿಸುವಾಗ ಪೇಟೆಯ ದರ್ಜಿ ಟೇಪು ಹಿಡಿದು ಒಂದು ಲೆಕ್ಕ ಹೇಳಿದ. ಖಾಲಾ ಕಿಂಡಿಯಿಂದಲೇ ನೋಡಿ, ನಾಲ್ಕು ಬೆರಳು ಕಡಿಮೆ ಬೀಳುತ್ತದೆ ಅಂದಳು. ದರ್ಜಿ ನಕ್ಕ. ಗಾದಿ ನಾಲ್ಕು ಬೆರಳು ಕಡಿಮೆಯೇ ಬಿತ್ತು. ಮಾವನವರು ಬದುಕಿರುವವರೆಗೆ ಕಾಲು ಮಡಚಿಯೇ ಮಲಗಿದರು. "ಕಣ್ಣು ಸುಳ್ಳಾಡ್ತಾವ, ಬಾಯಿ ಸುಳ್ಳಾಡ್ತದ, ಗೇಣು ಸುಳ್ಳಾಡಂಗಿಲ್ಲ" ಎಂಬುದು ಆಕೆಯ ಮಾತು. ದಿನಕ್ಕೆ ನಾಲ್ಕು ಬಾರಿಯಾದರೂ ಅದು ಕಿಂಡಿಯಿಂದ ಕೇಳಿಸುತ್ತಿತ್ತು.

ಮಾವನವರ ಬಗ್ಗೆಯೂ ಒಂದು ಮಾತು ಹೇಳಬೇಕು. ತಹಶೀಲ ಕಚೇರಿಯಲ್ಲಿ ಕಡತ ಓದಿ ಹೇಳುವ ಪೇಶಕಾರರಾಗಿದ್ದು ನಿವೃತ್ತರಾದವರು. ಕನ್ನಡಕ್ಕಿಂತ ಉರ್ದು ಅವರಿಗೆ ಸಲೀಸು. ಓದು ಬಾರದವರ ಮನೆಗೆ ಬಂದ ಕಾಗದಗಳೆಲ್ಲ ನಮ್ಮ ಕಟ್ಟೆಗೆ ಬರುತ್ತಿದ್ದವು. ಅವರಲ್ಲಿದ್ದ ಒಂದೇ ದುರ್ಗುಣವೆಂದರೆ ಕೆಟ್ಟ ಸುದ್ದಿಯನ್ನು ಇದ್ದ ಹಾಗೆ ಓದುತ್ತಿರಲಿಲ್ಲ. 'ತೀರಿಹೋದರು' ಎಂದಿದ್ದರೆ 'ಜಡ್ಡು ಜೋರಾಗಿದೆ' ಎಂದು ಓದಿ, ಎರಡು ದಿನ ಬಿಟ್ಟು ಉಳಿದದ್ದನ್ನು ಹೇಳುತ್ತಿದ್ದರು. ಇದು ಓಣಿಗೆಲ್ಲ ಗೊತ್ತಿತ್ತು. "ಪೇಶಕಾರ್ ಸಾಬ್ ಚಲೋ ಓದ್ತಾರ" ಎಂದು ಜನ ಹೇಳುವಾಗ ಅದರಲ್ಲಿ ಹೊಗಳಿಕೆಯೂ ಇರುತ್ತಿತ್ತು, ಅನುಮಾನವೂ ಇರುತ್ತಿತ್ತು.

ಮರುವರ್ಷ ಪೋಲೀಸ್ ಆಕ್ಷನ್ ಆಯಿತು, ಭಾರತದ ಸೈನ್ಯ ನಿಜಾಮರ ಸೀಮೆಯೊಳಗೆ ಬಂತು. ಅದರ ಹಿಂದಿನ ತಿಂಗಳುಗಳಲ್ಲಿ ನಿಜಾಮರ ಕಡೆಯ ರಜಾಕಾರರ ದಂಡಿಗೆ ಹೆದರಿ ನಾವು ಬಾಗಿಲು ಹಾಕಿಕೊಂಡು ಕೂತಿದ್ದೆವು. ಅದರ ಮುಂದಿನ ವಾರಗಳಲ್ಲಿ ಆ ಕಡೆಯವರು ಬಾಗಿಲು ಹಾಕಿಕೊಂಡು ಕೂತರು. ಆಗ ಏನೇನು ನಡೆಯಿತೆಂದು ಬರೆಯಲು ಕೂತರೆ ಬರೆಯಬಹುದು. ಬರೆಯುವುದಿಲ್ಲ. ಅದರ ನಂತರ ನಮ್ಮ ಓಣಿಯಲ್ಲಿ ಉರ್ದು ಓದಬಲ್ಲ ಗಂಡಸೆಂದು ಉಳಿದವರು ನಮ್ಮ ಮಾವನವರೊಬ್ಬರೇ. ಇಷ್ಟು ಹೇಳಿದರೆ ಸಾಕು.

ಖಾಲಾಗೆ ಒಬ್ಬನೇ ಮಗ. ಗಂಡ ಯಾವತ್ತೋ ತೀರಿಹೋಗಿದ್ದ. ಮಗ ಹುಮನಾಬಾದಿನಿಂದ ಹೈದರಾಬಾದಿಗೆ ಓಡುವ ಮೋಟಾರಿನಲ್ಲಿ ಕ್ಲೀನರ್. ಇಪ್ಪತ್ತೈದರ ಆಳು, ನಮ್ಮ ಹಿತ್ತಲ ಬಾಗಿಲಿಗೆ ಅಡ್ಡ ತಿರುಗಿ ಬರಬೇಕು, ಅಂಥ ಭುಜ. "ಮೂರು ಗೇಣಿಗಿ ಎರಡು ಬೆರಳು ಕಮ್ಮಿ" ಎಂದು ಖಾಲಾ ಹೇಳಿಕೊಂಡು ತಿರುಗುತ್ತಿದ್ದಳು. ಅವನು ನನ್ನನ್ನು ಅತ್ತಿಗೆ ಎಂದು ಕರೆಯುತ್ತಿದ್ದ, ಹೈದರಾಬಾದಿನಿಂದ ಬಳೆ ತಂದುಕೊಟ್ಟಿದ್ದ. ಆ ಸೆಪ್ಟೆಂಬರಿನಲ್ಲಿ ಮೋಟಾರಿನ ಜೊತೆ ಹೈದರಾಬಾದಿಗೆ ಹೋದವನು ತಿರುಗಿ ಬರಲಿಲ್ಲ. ಒಂದು ತಿಂಗಳಾಯಿತು, ಐದು ತಿಂಗಳಾಯಿತು. ಖಾಲಾ ಯಾರನ್ನೂ ಏನೂ ಕೇಳಲಿಲ್ಲ. ಆ ದಿನಗಳಲ್ಲಿ ಕೇಳುವವರು ಕಡಿಮೆ ಇದ್ದರು. ಕೇಳಿದರೆ ಉತ್ತರ ಬಂದುಬಿಟ್ಟೀತೆಂಬ ಭಯ.

ಆಮೇಲೆ ಮುಂಬಯಿಯಿಂದ ಒಂದು ಕಾಗದ ಬಂತು. ಅದೇ ಮೋಟಾರಿನ ಡ್ರೈವರ್ ಬರೆಸಿದ್ದು. ಮಾವನವರು ಕಟ್ಟೆಯ ಮೇಲೆ ಕೂತು ಓದಿ ಹೇಳಿದರು. "ನಿಮ್ಮ ಮಗನನ್ನು ನನ್ನ ಕೈಯಾರೆ ಜಹಾಜಿನಲ್ಲಿ ಕೂಡಿಸಿದ್ದೇನೆ. ಕರಾಚಿಗೆ ಹೋದ. ಚಿಂತೆ ಮಾಡಬೇಡಿ." ಖಾಲಾ ಮೂರು ಸಲ ಓದಿಸಿದಳು. ಮೂರು ಸಲವೂ ಅಕ್ಷರ ಬದಲಾಗಲಿಲ್ಲವಾದ್ದರಿಂದ ನಂಬಿದಳು.

ಬಾಗಿಲ ಹಿಂದೆ ನಿಂತಿದ್ದ ನನಗೆ ಕೂಡಲೇ ಅರ್ಥವಾಯಿತು. ಮರಾಠಿಯಲ್ಲಿ ಜಹಾಜು ಅಂದರೆ ಹಡಗು. ಮುಂಬಯಿಯಲ್ಲಿ ನನ್ನ ಸೋದರಮಾವನ ಮನೆಗೆ ಹೋದಾಗ ಕಣ್ಣಾರೆ ಕಂಡಿದ್ದೆ. ಆದರೆ ಇಲ್ಲಿಯ ಮಾತಿನಲ್ಲಿ ನೀರಿನದೂ ಜಹಾಜೇ, ಗಾಳಿಯದೂ ಜಹಾಜೇ. ನೀರಿನದನ್ನು ಕಲ್ಯಾಣದಲ್ಲಿ ಯಾರು ಕಂಡಿದ್ದಾರೆ? ಊರಿಗಿರುವ ದೊಡ್ಡ ನೀರೆಂದರೆ ಒಂದು ಕೆರೆ. ಪೋಲೀಸ್ ಆಕ್ಷನ್ನಿನಲ್ಲಿ ತಲೆಯ ಮೇಲೆ ಗುಡುಗಿಕೊಂಡು ಹೋದದ್ದನ್ನು ನೋಡಿ ಜನ "ಜಹಾಜ್ ಬಂತು, ಜಹಾಜ್ ಬಂತು" ಎಂದು ಓಡಿದ್ದರು. ಖಾಲಾಗೆ ಜಹಾಜ್ ಅಂದರೆ ಅದೊಂದೇ. ಹಜ್ ಯಾತ್ರೆಗೆ ಹೋಗುವವರು ಜಹಾಜಿನಲ್ಲಿ ಹೋಗುತ್ತಾರೆಂದು ಕೇಳಿದ್ದಳು, ಅವರೂ ಹಾರಿಯೇ ಹೋಗುತ್ತಾರೆಂದು ತಿಳಿದಿದ್ದಳು. ಓಣಿಯಲ್ಲಿ ಹಾಜಿ ಎಂದು ಕರೆಸಿಕೊಳ್ಳುವವರು ಒಬ್ಬರಿದ್ದರು ನಿಜ. ಆದರೆ ಬಕ್ರೀದಿನ ದಿನ ಹುಟ್ಟಿದ್ದಕ್ಕೆ ಅವರಿಗೆ ಆ ಹೆಸರು, ಪಕ್ಕದೂರು ಚಿಟಗುಪ್ಪ ದಾಟಿದವರಲ್ಲ.

"ಮುಗಿಲಾಗ ಹೋಗ್ಯಾನ ಬೇಟಿ" ಎಂದಳು ಕಿಂಡಿಯಿಂದ, ಸಂಜೆ. "ನಮ್ಮ ಮಾಳಗಿ ಮ್ಯಾಲಿಂದನ ಹೋಗಿರಬೇಕು. ಒಂದು ಕಲ್ಲರ ಒಗೀಬಾರದಾ? ನಾ ಹೊರಗ ಬಂದು ನೋಡ್ತಿದ್ದೆ."

ಆಗಲೇ ಹೇಳಬಹುದಿತ್ತು. ಜಹಾಜು ಅಂದರೆ ಅದಲ್ಲ ಎಂದು ಒಂದು ಮಾತು. ಹೇಳಲಿಲ್ಲ. ಹೊಸ ಸೊಸೆ, ಹಿರಿಯರಿಗೆ ಬುದ್ಧಿ ಹೇಳಿದಳೆಂದು ಮಾತು ಬರುತ್ತದೆ ಎಂಬುದೊಂದು. ಇನ್ನೊಂದು, ಐದು ತಿಂಗಳ ಮೇಲೆ ಆಕೆ ತಲೆ ಎತ್ತಿ ಮುಗಿಲು ನೋಡುತ್ತಿದ್ದಳು. ಮಗ ನೀರಿನಲ್ಲಿ ಹೋದರೇನು, ಗಾಳಿಯಲ್ಲಿ ಹೋದರೇನು, ಹೋದನಲ್ಲ ಅಂದುಕೊಂಡೆ.

ಆ ವರ್ಷದ ಕೊನೆಗೆ, ಜೋಳದ ತೆನೆ ಹಾಲುಗಟ್ಟುವ ಕಾಲಕ್ಕೆ, ಹುಮನಾಬಾದಿನ ಹತ್ತಿರ ಒಂದು ಮಿಲಿಟರಿ ಜಹಾಜು ಇಂಜಿನು ಕೆಟ್ಟು ಹೊಲದಲ್ಲಿ ಇಳಿಯಿತು. ಹಾರಿಸಿದವನಿಗೆ ಏನೂ ಆಗಲಿಲ್ಲ. ಅದನ್ನು ಎತ್ತುಗಳಿಂದ ಎಳೆಸಿ ಧಾನ್ಯದ ಪೇಟೆಯ ಪಕ್ಕದ ಬಯಲಿಗೆ ತಂದಿಟ್ಟರು. ದೊಡ್ಡ ಲಾರಿ ಬಂದು ಒಯ್ಯುವವರೆಗೆ ಎಂಟು ದಿನ, ಹೆಂಗಸರು ಮಕ್ಕಳು ಸಮೇತ ಯಾರು ಬೇಕಾದರೂ ನೋಡಬಹುದೆಂದು ಡಂಗುರ ಹೊಡೆಸಿದರು. ಸೀಮೆಗೆ ಸೀಮೆಯೇ ಬುತ್ತಿ ಕಟ್ಟಿಕೊಂಡು ಹೊರಟಿತು. ಉರ್ದು ಬಾರದ, ಮಿಡಲ್ ಸ್ಕೂಲಿನಲ್ಲಿ ಕನ್ನಡ ಮಾಸ್ತರರಾಗಿದ್ದ ನಮ್ಮ ಮನೆಯವರು, ನಾವೂ ಹೋಗೋಣ ಅಂದರು. ಕಿಂಡಿಯಿಂದ ಖಾಲಾ, "ನನಗೂ ಕರ್ಕೊಂಡು ಹೋಗ್ರಿ ಮಾಸ್ತರ" ಅಂದಳು. "ನನ್ನ ಮಗ ಕೂತ ಜಾಗಾ ಹ್ಯಾಂಗ ಅದ ನೋಡಿ ಬರ್ತೀನಿ."

ಆಗಲೂ ಹೇಳಬಹುದಿತ್ತು.

ಬೆಳಗಿನ ಬಸ್ಸಿಗೆ ಹೋದೆವು. ಖಾಲಾ ಒಗೆದ ಬಿಳಿಯ ಚಾದರ ಹೊದ್ದಿದ್ದಳು, ಕಣ್ಣಿಗೆ ಸುರಮಾ ಹಚ್ಚಿದ್ದಳು. ದಾರಿಯುದ್ದಕ್ಕೂ ಮಾತು. ಮಗನಿಗೆ ಎತ್ತರಕ್ಕೆ ಹೋದರೆ ತಲೆ ತಿರುಗುತ್ತದಂತೆ, ಸಣ್ಣವನಿದ್ದಾಗ ಕೋಟೆಯ ಬುರುಜಿನ ಮೇಲೆ ಹತ್ತಿ ಇಳಿಯಲಾರದೆ ಅತ್ತಿದ್ದನಂತೆ. "ಹ್ಯಾಂಗ ಕೂತಾನೋ ಏನೋ. ಕಣ್ಣು ಮುಚ್ಚಿರಬೇಕು." ಇಡೀ ಬಸ್ಸು ಕೇಳಿಸಿಕೊಂಡಿತು.

ಬಯಲು ಜನರಿಂದ ತುಂಬಿತ್ತು. ಬೇವಿನ ಮರಗಳ ಕೆಳಗೆ ಜಮಖಾನೆ ಹಾಸಿ, ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಿಚ್ಚಿಕೊಂಡು ಮನೆಮಂದಿಯೆಲ್ಲ ಕೂತಿದ್ದರು. ಪುಟಾಣಿ ಮಾರುವವರು, ಬಳೆಯವರು, ಕರಿ ಬಟ್ಟೆಯೊಳಗೆ ತಲೆ ತೂರಿಸಿ ಫೋಟೋ ತೆಗೆಯುವವನೊಬ್ಬ. ನಡುವೆ ಹಗ್ಗ ಕಟ್ಟಿದ ಅಂಗಳದಲ್ಲಿ ಜಹಾಜು. ನಾನಂದುಕೊಂಡದ್ದಕ್ಕಿಂತ ಸಣ್ಣದು. ಯಾರೋ ಮುಂಜಾನೆಯೇ ಅದರ ಮೂತಿಗೆ ಅರಿಸಿನ ಕುಂಕುಮ ಹಚ್ಚಿ ಕಾಯಿ ಒಡೆದಿದ್ದರು. ಒಬ್ಬ ಸಿಪಾಯಿ ಒದ್ದೆ ಬಟ್ಟೆಯಿಂದ ಅದನ್ನು ಒರೆಸುತ್ತ ಬೈಯುತ್ತಿದ್ದ. ಪೇಟೆಯ ಅಡತಿ ವ್ಯಾಪಾರಿಗಳಿಬ್ಬರು ಅದರ ಹೊಟ್ಟೆ ನೋಡಿ, ಜೋಳವಾದರೆ ಎಷ್ಟು ಚೀಲ ಹಿಡಿಯುತ್ತದೆಂದು ಜಗಳವಾಡುತ್ತಿದ್ದರು. ಪಕ್ಕಕ್ಕೆ ಒಂದು ನಿಚ್ಚಣಿಕೆ. ಮಕ್ಕಳು ಸಾಲಾಗಿ ಹತ್ತಿ, ಒಳಗೆ ಇಣುಕಿ, ಇಳಿಯುತ್ತಿದ್ದರು. ನಮ್ಮ ಮನೆಯವರಿಗೂ ಹತ್ತುವ ಆಸೆ. ಮಾಸ್ತರಿಕೆ ಅಡ್ಡ ಬಂತು.

ಖಾಲಾ ಮಕ್ಕಳ ಸಾಲಿನಲ್ಲಿಯೇ ನಿಂತಳು. ಪಾಳಿ ಬಂದಾಗ ನಿಚ್ಚಣಿಕೆಯ ಬಳಿಯಿದ್ದ ಸಿಪಾಯಿ ತಡೆದ. ಬೆಳಗಾವಿ ಕಡೆಯ ಹುಡುಗ, ಕನ್ನಡ ಬರುತ್ತಿತ್ತು.

"ಅಜ್ಜಿ, ಬಿದ್ದೀರಿ. ಇಲ್ಲಿಂದನ ನೋಡ್ರಿ."

"ನನ್ನ ಮಗ ಇದರಾಗ ಕೂತಾನಪ್ಪಾ. ಒಂದೀಟು ನೋಡಿ ಇಳೀತೀನಿ."

ಮಗ ಮಿಲಿಟರಿಯವನೆಂದು ತಿಳಿದನೋ ಏನೋ, ಸಿಪಾಯಿ ಆಕೆಯ ಮೊಣಕೈ ಹಿಡಿದು ಹತ್ತಿಸಿದ. ನಾನು ಕೆಳಗೆ ನಿಚ್ಚಣಿಕೆ ಹಿಡಿದು ನಿಂತೆ. ಖಾಲಾ ಬಾಗಿ ಒಳಗೆ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಚಾದರ ಸರಿಸಿ ಬಲಗೈ ಒಳಗೆ ಇಳಿಬಿಟ್ಟಳು. ಹೆಬ್ಬೆರಳು ಊರಿ, ಕಿರುಬೆರಳು ಚಾಚಿ, ಕೂಡುವ ಜಾಗವನ್ನು ಈ ಬದಿಯಿಂದ ಆ ಬದಿಗೆ ಅಳೆದಳು. ತಿರುಗಿ ಆ ಬದಿಯಿಂದ ಈ ಬದಿಗೆ ಅಳೆದಳು.

"ಒಂದ ಕುರ್ಚಿ ಅದ" ಅಂದಳು.

"ಹೌದ್ರಿ. ಹಾರಿಸಾಂವ ಒಬ್ಬನ ಕೂಡ್ತಾನ."

"ಮತ್ತ ಮಂದಿ?"

"ಮಂದೀನ ಕೂಡಸಾಂಗಿಲ್ಲರಿ ಅಜ್ಜಿ. ಇದು ಲಡಾಯಿ ಜಹಾಜು."

"ಎರಡೂವರೆ ಗೇಣು. ಅವನ ಭುಜ ಹಿಡಿಯಂಗಿಲ್ಲ" ಎಂದಳು ಖಾಲಾ. ಸಿಪಾಯಿಗಲ್ಲ, ನನಗೂ ಅಲ್ಲ. ಹಿಂದಿನ ಮಕ್ಕಳು ಗಲಾಟೆ ಮಾಡುತ್ತಿದ್ದರು. ಒಂದೊಂದೇ ಮೆಟ್ಟಿಲು ಇಳಿದಳು.

ನಮ್ಮ ಮನೆಯವರು ಸಮಾಧಾನಕ್ಕೆ, "ಮಂದಿ ಕೂಡೋ ದೊಡ್ಡ ಜಹಾಜೂ ಇರ್ತಾವ ಖಾಲಾ" ಎಂದರು.

"ನೀವು ನೋಡೀರೇನ್ರಿ ಮಾಸ್ತರ?"

"ಇಲ್ಲ" ಅಂದರು. ಸುಳ್ಳು ಹೇಳಲು ಬಾರದ ಮನುಷ್ಯ. ಅವರ ತಂದೆಯ ಗುಣ ಅವರಿಗೆ ಬಂದಿರಲಿಲ್ಲ.

ಮರದ ಕೆಳಗೆ ಕೂತು ಉಂಡೆವು. ಖಾಲಾಳೂ ಉಂಡಳು, ಎರಡು ರೊಟ್ಟಿ. ಪುಂಡಿಪಲ್ಯಕ್ಕೆ ಉಪ್ಪು ಕಡಿಮೆ ಎಂದೂ ಹೇಳಿದಳು. ನನಗೆ ಅದೇ ಹೆದರಿಕೆಯಾಯಿತು. ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಅವಳ ಪಕ್ಕ ಕೂತೆ. ದಾರಿಯಲ್ಲಿ ರಾಜೇಶ್ವರ ಎಂಬ ಊರು ದಾಟಿತು. ಆಮೇಲೆ ಹೇಳಿದೆ.

"ಖಾಲಾ, ಕಾಗದದಾಗ ಇದ್ದ ಜಹಾಜು ಇದಲ್ಲ. ನೀರಿನ ಮ್ಯಾಲ ಹೋಗೋದು ಬ್ಯಾರೆ ಇರ್ತದ. ವಾಡೇದಷ್ಟು ದೊಡ್ಡದು. ನಮ್ಮ ಓಣಿ ಮಂದಿ ಎಲ್ಲಾ ಹಿಡೀತಾರ. ನಿಮ್ಮ ಮಗ ಅದರಾಗ ಹೋಗ್ಯಾನ. ನಾ ಮುಂಬೈದಾಗ ನೋಡೀನಿ."

"ವಾಡೇದಷ್ಟು ದೊಡ್ಡದು?"

"ಹೌದ್ರಿ."

"ನೀರಿನ ಮ್ಯಾಲ?"

"ಹೌದ್ರಿ ಖಾಲಾ. ಖರೇನ."

"ಮತ್ತ ಕಾಗದ ಬಂದ ದಿನ ಯಾಕ ಹೇಳಲಿಲ್ಲ?"

ಆಕೆ ಉತ್ತರಕ್ಕೆ ಕಾಯಲಿಲ್ಲ. ನನ್ನ ಮೊಣಕಾಲಿನ ಮೇಲೆ ಎರಡು ಸಲ ತಟ್ಟಿದಳು, ಅಳುವ ಕೂಸಿಗೆ ತಟ್ಟುವ ಹಾಗೆ. "ಇವತ್ತ ಯಾಕ ಹೇಳಾಕತ್ತೀ ಅಂತ ನನಗ ತಿಳೀತದ ಬೇಟಿ" ಎಂದಳು. ಆಮೇಲೆ ಕಲ್ಯಾಣ ಬರುವವರೆಗೆ ಕಿಟಕಿಯ ಹೊರಗೆ ನೋಡುತ್ತ ಕೂತಳು. ಮುಗಿಲನ್ನಲ್ಲ, ಹೊಲಗಳನ್ನು.

ಮುಂದಿನ ಗುರುವಾರ ದರ್ಗಾದಿಂದ ಹಜರತರನ್ನು ಕರೆಸಿ ಮಗನ ಹೆಸರಿನಲ್ಲಿ, ಸತ್ತವರಿಗೆ ಓದಿಸುವ ಫಾತಿಹಾ ಓದಿಸಿದಳು. ರೊಟ್ಟಿ ಮುರಿದು ಬೆಲ್ಲ ಬೆರೆಸಿ ಮಲೀದಾ ಮಾಡಿ ಓಣಿಗೆಲ್ಲ ಹಂಚಿದಳು. ಕಿಂಡಿಯಿಂದ ನನ್ನ ಪಾಲೂ ಬಂತು. ಅವನು ಬದುಕಿದ್ದಾನೆಂದು ತಿಳಿದಿದ್ದವಳು ನಾನು. ತಿಂದೆ. ಸಿಹಿಯಾಗಿತ್ತು. ನನಗೆ ಏನೂ ಅನ್ನಿಸಲಿಲ್ಲ, ಏನೂ ಅನ್ನಿಸಲಿಲ್ಲವಲ್ಲ ಎಂಬುದೊಂದೇ ಅನ್ನಿಸಿತು. ಮಾವನವರಿಗೆ ಹೇಳಿದೆ. ಅವರು ಹೋಗಿ ಬಹಳ ಹೊತ್ತು ತಿಳಿಸಿ ಹೇಳಿ ಬಂದರು. "ಪೇಶಕಾರ್ ಸಾಬ್ ಭಾಳ ಒಳ್ಳೆಯವರು" ಎಂದಷ್ಟೇ ಅಂದಳಂತೆ.

ಆ ಮೇಲೂ ಆಕೆ ಎಷ್ಟೋ ವರ್ಷ ಬದುಕಿದಳು, ಕೌದಿ ಹೊಲಿದಳು. ನನ್ನ ಮೂರು ಮಕ್ಕಳಿಗೂ ಹೊಲಿದುಕೊಟ್ಟಳು. ದಾರಿಯಲ್ಲಿ ಸಿಕ್ಕವರ ಭುಜದ ಮಾತು ಆಡುವುದನ್ನು ಮಾತ್ರ ಬಿಟ್ಟಿದ್ದಳು.

ಇನ್ನೊಂದು ಮಧ್ಯಾಹ್ನದ ಮಾತು ಉಳಿದಿದೆ. ಫಾತಿಹಾ ಆಗಿ ಮೂರು ತಿಂಗಳಿಗೆ ಕರಾಚಿಯಿಂದ ಕಾಗದ ಬಂತು. ಮಗನದೇ. ಅದಕ್ಕೆ ಜವಾಬನ್ನು ಕೊನೆಗೆ ಮಾವನವರೇ ಬರೆದು ಹಾಕಿದರು, ತಾಯಿ ಕ್ಷೇಮವಾಗಿದ್ದಾಳೆಂದು. ಅದು ಮುಟ್ಟಿತೋ ಇಲ್ಲವೋ, ಮತ್ತೆ ಅಲ್ಲಿಂದ ಏನೂ ಬರಲಿಲ್ಲ. ಆದರೆ ಕಾಗದ ಬಂದ ಆ ದಿನ ಮಾವನವರು ಕೂಡಲೇ ಕಟ್ಟೆಗೆ ಬಂದರು. ಖಾಲಾಳನ್ನು ಕರೆಸಿ ಕಟ್ಟೆಯ ಮೇಲೆ ಕೂಡಿಸಿದರು. ಒಂದು ಅಕ್ಷರ ಬಿಡದೆ, ಒಂದು ಅಕ್ಷರ ಸೇರಿಸದೆ ಓದಿದರು. ಅಮ್ಮಾ, ಕೆಲಸ ಸಿಕ್ಕಿದೆ. ಅಮ್ಮಾ, ಜಹಾಜಿನಲ್ಲಿ ಬರುವಾಗ ಎಲ್ಲಿ ನೋಡಿದರೂ ನೀರು, ನೀರು ಬಿಟ್ಟು ಬೇರೇನೂ ಇಲ್ಲ. ದಾರಿಯುದ್ದಕ್ಕೂ ವಾಂತಿಯಾಯಿತು, ಈಗ ಆರಾಮಿದ್ದೇನೆ.

ಬಾಗಿಲ ಹಿಂದೆ ನಿಂತ ನನಗೆ, ಈಗ ನಂಬುತ್ತಾಳೆ, ನೀರು ಬಂತಲ್ಲ, ಈಗ ನಂಬಲೇಬೇಕು ಅನ್ನಿಸಿತು. ಬಹಳ ದಿನದ ಮೇಲೆ ನನಗೇನೋ ಆಗುತ್ತಿತ್ತು.

ಖಾಲಾ ಪೂರ್ತಿ ಕೇಳಿದಳು. ಮೊಣಕಾಲಿಗೆ ಕೈ ಊರಿ ಎದ್ದಳು.

"ಭಾಳ ಚಲೋ ಓದಿದ್ರಿ ಪೇಶಕಾರ್ ಸಾಬ್" ಅಂದಳು. "ಈ ನೀರಿನ ಮಾತು ನಿಮ್ಮ ಸೊಸಿ ಹೇಳಿಕೊಟ್ಟಾಳಲ್ಲ?"

ಮಾವನವರು ಕಾಗದ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. ನಾನು ಸೆರಗೂ ಸರಿಮಾಡಿಕೊಳ್ಳದೆ ಓಣಿಗೆ ಓಡಿ ಬಂದು ಆಕೆಯ ಕೈ ಹಿಡಿದೆ.

"ಇಲ್ಲ ಖಾಲಾ. ನಮ್ಮಪ್ಪನ ಆಣಿ, ನಾ ಹೇಳಿಕೊಟ್ಟಿಲ್ಲ."

"ಆಣಿ ಯಾಕ ಹಾಕ್ತೀ ಬೇಟಿ" ಅಂದಳು. "ಚಲೋ ಮನಸಿಲೇ ಮಾಡೀದಿ. ನನಗ ಸಿಟ್ಟಿಲ್ಲ."